ಕಿವಿ ಚುಚ್ಚೋ ಸೆವೆನ್ ಸ್ಟ್ರಿಂಗ್ ಗಿಟಾರ್‌ಗೆ ಪಿಕಪ್ ಆರಿಸೋದು ಹೇಗೆ

ಏಳು ತಂತಿಯ ಸೆವೆನ್ ಸ್ಟ್ರಿಂಗ್ ಗಿಟಾರ್ ಸೌಂಡ್ ತುಂಬಾ ಬ್ರೈಟು, ಅಂದ್ರೆ ಚೂಪು ಅಂತ ಅನ್ನಿಸಿದ ತಕ್ಷಣ ನಮ್ಮ ಮೈಸೂರಿನ ಬ್ಯಾಂಡ್ ಹುಡುಗ್ರು ಮಾಡೋದು ಒಂದೇ ಕೆಲ್ಸ. ಬಾಸ್ ಜಾಸ್ತಿ ಇರೋ, ಔಟ್‌ಪುಟ್ ಎಲ್ಲಕ್ಕಿಂತ ಜಾಸ್ತಿ ಅಂತ ಬರ್ದಿರೋ ಪಿಕಪ್ (ತಂತಿ ಅದುರೋದನ್ನ ಸಿಗ್ನಲ್ ಮಾಡೋ, ತಂತಿ ಕೆಳಗಿನ ಮ್ಯಾಗ್ನೆಟ್ ಭಾಗ) ಹುಡುಕಿ ಆರ್ಡರ್ ಮಾಡ್ಬಿಡ್ತಾರೆ. ಹಾಕ್ಸಿದ್ಮೇಲೆ ನೋಡಿದ್ರೆ ಸಣ್ಣ ತಂತಿ ಮೊದಲಿನ ಹಾಗೇ ಕಿವಿ ಚುಚ್ಚುತ್ತೆ, ದಪ್ಪ ತಂತಿ ಮಾತ್ರ ಕೆಸರು ಕೆಸರು. ಮೇಲಿನ ಟ್ರೆಬಲ್ ಜಾಸ್ತಿ ಆಗಿರೋದಕ್ಕೆ ಕೆಳಗೆ ಬಾಸ್ ತುಂಬಿದ್ರೆ ಏನು ಬಂತು? ಟ್ರೆಬಲ್ ಮೊನಚು ತೆಗೀಬೇಕು, ಮಿಡ್ (ಮಧ್ಯದ ಸ್ವರಗಳು) ತುಂಬ್ಕೋಬೇಕು, ಬಾಸ್ ತಂಟೆಗೆ ಹೋಗ್ಬಾರ್ದು.

ಮೊದಲನೇದು, ದುಡ್ಡು ಬಿಚ್ಚೋಕೆ ಮುಂಚೆ ಹೊಸ ತಂತಿ ಹಾಕಿ ಎರಡು ದಿನ ನುಡ್ಸಿ. ಸ್ಟೀಲ್ ತಂತಿ ಇದ್ರೆ ನಿಕ್ಕಲ್‌ಗೆ ಬನ್ನಿ. ಪಿಕಪ್ ಪಕ್ಕದ ಸ್ಕ್ರೂ ತಿರುಗಿಸಿ ಸಣ್ಣ ತಂತಿ ಕಡೆ ಸ್ವಲ್ಪ ಕೆಳಕ್ಕಿಳಿಸಿ. ಅರ್ಧ ಜನರ ಸಮಸ್ಯೆ ಇಲ್ಲೇ ಮುಗಿಯುತ್ತೆ.

ಮುಗೀಲಿಲ್ಲ ಅಂದ್ರೆ ಇನ್ನೊಂದು ಉಪಾಯ ಇದೆ, ಇದನ್ನ ಯಾವ ಅಂಗಡಿಯವರೂ ಹೇಳ್ಕೊಡಲ್ಲ ಯಾಕಂದ್ರೆ ಇದ್ರಲ್ಲಿ ಅವರಿಗೆ ಏನೂ ಗಿಟ್ಟಲ್ಲ. ಹಂಬಕರ್ ಗಿಟಾರ್‌ಗಳಲ್ಲಿ (ಎರಡು ಕಾಯಿಲ್ ಇರೋ ಪಿಕಪ್ಪಿನವು) ಸಾಮಾನ್ಯವಾಗಿ ವಾಲ್ಯೂಮ್ ಪಾಟ್, ಅಂದ್ರೆ ವಾಲ್ಯೂಮ್ ತಿರುಗಿಸೋ ನಾಬಿನ ಕೆಳಗಿನ ಭಾಗ, 500 ಕೆ (ಕಿಲೋ ಓಮ್) ಇರುತ್ತೆ. ಅದು 250 ಕೆ ಆದ್ರೆ ಟ್ರೆಬಲ್ಲಿನ ಚೂಪು ತಾನಾಗೇ ಕಮ್ಮಿ ಆಗುತ್ತೆ. ಪಾಟ್ ಬದಲಾಯಿಸೋದೂ ಬೇಡ, ಟಿವಿ ರೇಡಿಯೋ ರಿಪೇರಿ ಸಾಮಾನು ಮಾರೋ ಅಂಗಡೀಲಿ 470 ಕೆ ರೆಸಿಸ್ಟರ್ ಕೇಳಿ, ಮೈಮೇಲೆ ಹಳದಿ, ನೇರಳೆ, ಮತ್ತೆ ಹಳದಿ ಪಟ್ಟೆ ಇರುತ್ತೆ, ಚಿಲ್ಲರೆ ಕಾಸಿಗೆ ಸಿಗುತ್ತೆ. ವಾಲ್ಯೂಮ್ ಪಾಟಿನ ಮೂರು ಕಾಲಲ್ಲಿ ಆ ಕಡೆ ಈ ಕಡೆ ಎರಡು ಕಾಲಿಗೆ ಇದನ್ನ ಬೆಸುಗೆ ಹಾಕಿದ್ರೆ ಪಿಕಪ್‌ಗೆ ಸುಮಾರು 240 ಕೆ ಪಾಟ್ ಇರೋ ಹಾಗೆ ಕಾಣುತ್ತೆ. ಇಷ್ಟ ಆಗ್ಲಿಲ್ವಾ, ಕಿತ್ತಾಕಿ, ಅಷ್ಟೇ. ಆದ್ರೆ ಒಂದು ಮಾತು, ಇಎಂಜಿ ಕಂಪನಿಯದರ ಥರ ಬ್ಯಾಟರಿ ಹಾಕೋ ಆಕ್ಟಿವ್ ಪಿಕಪ್ ಇದ್ರೆ ಈ ಉಪಾಯ ನಡಿಯಲ್ಲ, ಅದ್ರಲ್ಲಿ ಪಾಟೇ 25 ಕೆ.

ಇಷ್ಟಾದ್ರೂ ಸಮಾಧಾನ ಇಲ್ಲ, ಹೊಸ ಪಿಕಪ್ಪೇ ಬೇಕು ಅಂದ್ರೆ ಸ್ಕೇಲ್ ತಗೊಂಡು ಅಳತೆ ಮಾಡಿ. ಸಿಕ್ಸ್ ಸ್ಟ್ರಿಂಗ್ ಹಾಗಲ್ಲ ಇದು. ಮಾಮೂಲಿ ಪ್ಯಾಸಿವ್ (ಬ್ಯಾಟರಿ ಬೇಡದ) ಹಂಬಕರ್‌ಗೆ ಒಂದು ಅಳತೆ, ಪೂರ್ತಿ ಮುಚ್ಚಿರೋ ಸೋಪ್‌ಬಾರ್‌ಗೆ ಬೇರೆ. ಇಎಂಜಿ 707 ಮೂರೂವರೆ ಇಂಚು ಉದ್ದ, ಎಂಟು ತಂತಿಯ 808 ಸುಮಾರು ನಾಲ್ಕು ಇಂಚು. ಫ್ಯಾನ್ಡ್ ಫ್ರೆಟ್ (ಫ್ರೆಟ್ ಪಟ್ಟಿಗಳು ಬೀಸಣಿಗೆ ಥರ ಓರೆ ಇರೋ) ಗಿಟಾರ್ ಆದ್ರೆ ಪಿಕಪ್ ಓರೆಯಾಗಿ ಕೂತಿರುತ್ತೆ, ಆಗ ತಂತಿಗಳು ಪೋಲ್ ಪೀಸ್ (ಪಿಕಪ್ಪಿನ ಮೇಲಿರೋ ಪುಟ್ಟ ಲೋಹದ ಚುಕ್ಕಿಗಳು) ಮೇಲೆ ಸರಿಯಾಗಿ ಬರ್ತಾವಾ ನೋಡಿ. ಪಿಕಪ್ ಬಂದ್ಮೇಲೆ ಗುಂಡಿ ಸಾಲ್ದು ಅಂತ ಯಾರೋ ಬಡಗಿ ಹತ್ರ ಉಳಿ ಹಾಕ್ಸಿರೋ ಗಿಟಾರ್ ನೋಡಿದೀನಿ, ಕಣ್ಣಲ್ಲಿ ನೋಡಕ್ಕಾಗಲ್ಲ. ದಯವಿಟ್ಟು ಬೇಡ.

ಈಗ ನಿಜವಾದ ಕಷ್ಟ, ಯಾವ ಪಿಕಪ್ ಅನ್ನೋದು. ಎಲ್ರೂ ಎಡವೋದು ಇಲ್ಲೇ.

ಏಳನೇ ತಂತಿ, ಅಂದ್ರೆ ದಪ್ಪ ಬಿ ತಂತಿ, ಸುಮಾರು 62 ಹರ್ಟ್ಸ್, ಮಾಮೂಲಿ ಗಿಟಾರಿನ ಕೊನೆಯ ಇ ತಂತಿ 82. ಎಂಟು ತಂತಿ ಆದ್ರೆ ಇನ್ನೂ ಕೆಳಗೆ, 46ರ ಹತ್ರ. ಅಷ್ಟು ಕೆಳಗಿನ ಸ್ವರಕ್ಕೆ ಡಿಸ್ಟಾರ್ಷನ್ ಹಾಕಿದ್ರೆ ಸ್ವಲ್ಪ ಬಾಸ್ ಜಾಸ್ತಿ ಆದ್ರೂ ಪ್ರತಿ ಹೊಡೆತಾನೂ ಒಂದರ ಮೇಲೊಂದು ಕಲಸಿಕೊಂಡ್ಬಿಡುತ್ತೆ. ಇದೇ ಕಾರಣಕ್ಕೆ ಸೆವೆನ್ ಸ್ಟ್ರಿಂಗ್ ತಯಾರು ಮಾಡೋ ಎಷ್ಟೋ ಜನ 26.5, 27 ಇಂಚು ಸ್ಕೇಲ್ (ನುಡಿಯೋ ತಂತಿಯ ಉದ್ದ) ಇಡ್ತಾರೆ, ತಂತಿ ಬಿಗಿಯಾಗಿ ಸ್ಪಷ್ಟವಾಗಿ ಕೇಳ್ಲಿ ಅಂತ. ಅದರ ಜೊತೆಗೆ ಬ್ರೈಟೂ ಬರುತ್ತೆ. ಅಂದ್ರೆ ನಿಮ್ಮ ಗಿಟಾರಿನ ಬ್ರೈಟ್‌ನೆಸ್ಸೇ ದಪ್ಪ ತಂತೀನ ಕಾಪಾಡ್ತಾ ಇರ್ಬಹುದು, ಅದನ್ನ ಪೂರ್ತಿ ಕೊಂದ್ರೆ ನಷ್ಟ ನಿಮ್ದೇ.

ಪಿಕಪ್ ಪೆಟ್ಟಿಗೆ ಮೇಲೆ 14 ಕೆ, 16 ಕೆ ಅಂತ ಓಮ್ ಲೆಕ್ಕ ಬರ್ದಿರ್ತಾರಲ್ಲ, ಅದನ್ನ ನೋಡಿ ಔಟ್‌ಪುಟ್ ಅಂದಾಜು ಮಾಡ್ಬೇಡಿ. ಒಳಗಿನ ತಾಮ್ರದ ತಂತಿ ತೆಳ್ಳಗಿದ್ರೆ ಅಷ್ಟೇ ಸುತ್ತಿಗೂ ಓಮ್ ಜಾಸ್ತಿ ತೋರ್ಸುತ್ತೆ. ಸುತ್ತು ಜಾಸ್ತಿ ಆದ್ರೆ ಟ್ರೆಬಲ್ ಕಮ್ಮಿ ಆಗಿ ಮಿಡ್ ಮುಂದೆ ಬರುತ್ತೆ ಅನ್ನೋದು ನಿಜ, ಆದ್ರೆ ಅತಿ ಆದ್ರೆ ಆಂಪ್‌ನ (ಸೌಂಡ್ ದೊಡ್ಡದು ಮಾಡೋ ಪೆಟ್ಟಿಗೆ) ಸಿಗ್ನಲ್ಲಿಂದ ಜೋರಾಗಿ ಒದ್ದು ಸೌಂಡ್ ಕಲಸ್ಬಿಡುತ್ತೆ. ಅದಕ್ಕೇ ಮಧ್ಯಮ ಔಟ್‌ಪುಟ್ ಹುಡುಕಿ.

ಮ್ಯಾಗ್ನೆಟ್ ವಿಷಯ. ಸೆರಾಮಿಕ್ ಸಾಮಾನ್ಯವಾಗಿ ಬಿಗಿ, ಆದ್ರೆ ಅಂಚು ಚೂಪು. ಅಲ್ನಿಕೋ 5 (ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಬೆರೆತ ಮ್ಯಾಗ್ನೆಟ್) ಸ್ವಲ್ಪ ದುಂಡಗೆ. ಅಲ್ನಿಕೋ 2 ಇನ್ನೂ ಮೆತ್ತಗೆ, ಬಿ ತಂತಿಗೆ ಬ್ರಿಜ್ಜಲ್ಲಿ (ತಂತಿ ಕಟ್ಟಿರೋ ಕೊನೆಯ ಕಡೆಯ ಪಿಕಪ್) ನಂಗೆ ಬೇಡ. ಮೊದಲೇ ಚುಚ್ಚೋ ಗಿಟಾರ್‌ಗೆ ಸೀಮರ್ ಡಂಕನ್ ಕಂಪನಿಯ ನಾಜ್‌ಗುಲ್ ಥರದ ಸೆರಾಮಿಕ್ ಹಾಕೋದು ಗಾಯಕ್ಕೆ ಉಪ್ಪು ಹಾಕ್ದಂಗೆ. ಅದೇ ಕಂಪನಿಯ ಪೆಗಾಸಸ್ ಬ್ರಿಜ್ಜಿಗೆ, ಸೆಂಟಿಯಂಟ್ ನೆಕ್ಕಿಗೆ (ಗಿಟಾರಿನ ಕುತ್ತಿಗೆ ಕಡೆಗೆ), ಎರಡೂ ಅಲ್ನಿಕೋ 5, ನನ್ನ ಮಾತು ಕೇಳೋದಾದ್ರೆ ಇದನ್ನೇ ಹಾಕಿ. ಬ್ಯಾಟರಿ ತಾಪತ್ರಯ ನಂಗೆ ಆಗ್ಬರಲ್ಲ, ಸ್ಟೇಜ್ ಮೇಲೇ 9 ವೋಲ್ಟ್ ಸತ್ತೋಗಿರೋದು ನೋಡಿದೀನಿ. ಇನ್ನು ಆನ್‌ಲೈನಲ್ಲಿ ಹೆಸರೇ ಇಲ್ದೆ ಎರಡು ಸಾವಿರದೊಳಗೆ ಸಿಗೋ ಜೋಡಿ ಪಿಕಪ್‌ಗಳು ಇವೆ, ಅಲ್ನಿಕೋ ಅಂತ ಬರ್ದಿರ್ತಾರೆ, ಬಿಚ್ಚಿ ನೋಡಿದ್ರೆ ಎಷ್ಟೋ ಸಲ ಸೆರಾಮಿಕ್. ಹಾಕೋದಕ್ಕಿಂತ ಹಳೇದೇ ವಾಸಿ.

ಹೊರದೇಶದಿಂದ ತರಿಸೋದಾದ್ರೆ ಕಸ್ಟಮ್ಸ್ ಸುಂಕ ಸೇರಿಸಿ ಲೆಕ್ಕ ಹಾಕಿ. ಬೆಂಗಳೂರಿಗೆ ಹೋಗೋ ಸ್ನೇಹಿತರಿದ್ರೆ ಸೆಕೆಂಡ್ ಹ್ಯಾಂಡ್ ವಿಚಾರ್ಸಿ, ಪಿಕಪ್ ಬೇಗ ಹಾಳಾಗೋ ವಸ್ತು ಅಲ್ಲ.

ಹಾಕೋವಾಗ ವೈರ್ ಬಣ್ಣ ಹುಷಾರ್. ಡಂಕನ್‌ದು ಕಪ್ಪು ಹಾಟ್ (ಸಿಗ್ನಲ್ ಹೋಗೋದು), ಹಸಿರು ಮತ್ತು ಬರಿ ವೈರ್ (ಹೊದಿಕೆ ಇಲ್ಲದ್ದು) ಗ್ರೌಂಡು, ಕೆಂಪು ಬಿಳಿ ಒಟ್ಟಿಗೆ ಸೇರ್ಸಿ ಟೇಪ್. ಡಿಮಾರ್ಜಿಯೊ ಕಂಪನಿದು ಕೆಂಪು ಹಾಟ್, ಹಸಿರು ಮತ್ತು ಬರಿ ವೈರ್ ಗ್ರೌಂಡು, ಕಪ್ಪು ಬಿಳಿ ಜೋಡಿ. ಎರಡು ಕಂಪನಿ ಮಿಕ್ಸ್ ಮಾಡಿ ಮಧ್ಯದ ಪೊಸಿಷನ್ (ಎರಡೂ ಪಿಕಪ್ ಒಟ್ಟಿಗೆ ನುಡಿಯೋದು) ಮೂಗಲ್ಲಿ ಮಾತಾಡ್ದಂಗೆ ತೆಳ್ಳಗೆ ಬಂದ್ರೆ ಫೇಸ್ ಉಲ್ಟಾ ಆಗಿದೆ ಅಂತ ಅರ್ಥ, ಒಂದು ಪಿಕಪ್ಪಿನ ಹಾಟ್, ಗ್ರೌಂಡ್ ಕಾಯಿಲ್ ವೈರ್‌ಗಳನ್ನ ಅದಲು ಬದಲು ಮಾಡಿ, ಬರಿ ವೈರ್ ಮಾತ್ರ ಗ್ರೌಂಡಲ್ಲೇ ಇರ್ಲಿ. ಆಕ್ಟಿವ್ ತೆಗೆದು ಪ್ಯಾಸಿವ್ ಹಾಕ್ತಿದ್ರೆ ಪಾಟ್ ಬದಲಾಯಿಸ್ಬೇಕು, ಬ್ರಿಜ್ಜಿಗೆ ಗ್ರೌಂಡ್ ವೈರ್ ಇದ್ಯಾ ಅಂತಾನೂ ನೋಡ್ಬೇಕು, ಎಷ್ಟೋ ಗಿಟಾರಲ್ಲಿ ಇರಲ್ಲ. ಅಗ್ರಹಾರ, ಲಕ್ಷ್ಮೀಪುರಂ ಕಡೆ ಹಳೇ ಮನೆಗಳಲ್ಲಿ ಪ್ಲಗ್ಗಿಗೆ ಅರ್ಥಿಂಗೇ ಇಲ್ದೆ ಗುಂಯ್ ಅಂತಿದ್ರೆ ಪಿಕಪ್ ಬೈಬೇಡಿ, ಎಲೆಕ್ಟ್ರಿಷಿಯನ್ ಕರೀರಿ.

ಆಮೇಲೆ ಕೊನೆಯ ಫ್ರೆಟ್ ಒತ್ತಿ ಹಿಡ್ದು ತಂತಿಗೂ ಪೋಲ್‌ಗೂ ಮಧ್ಯೆ ಸುಮಾರು 3 ಮಿಲಿಮೀಟರ್ ಬಿಟ್ಟು ಶುರು ಮಾಡಿ, ದಪ್ಪ ತಂತಿ ಕಡೆ ಕೆಸರು ಅನ್ನಿಸಿದ್ರೆ ಅಲ್ಲಿ ಇನ್ನೊಂಚೂರು ಇಳಿಸಿ. ಹಳೇ ಪಿಕಪ್ ಎಸೀಬೇಡಿ, ಗಿಟಾರ್ ಮಾರೋ ದಿನ ಅದನ್ನೇ ವಾಪಸ್ ಹಾಕಿ, ಹೊಸದನ್ನ ಬೇರೆ ಮಾರ್ಕೊಳ್ಳಿ, ಎರಡು ಕಡೆ ದುಡ್ಡು.