ಅಜ್ಜನ ಕಾಲದ ಟಿಬಿಎ ಪರೀಕ್ಷೆ ಕೊನೆಗೂ ನನ್ನ ಮಾತು ಕೇಳಿತು

ಬೋನ್ ಮ್ಯಾರೋ ಕಸಿ ಮಾಡಿಸಿಕೊಳ್ಳುವವರ ರಕ್ತದಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಆಮ್ಲಜನಕದ ಚುರುಕು ಕಣಗಳಿಂದಾಗುವ ಹಾನಿ, ಅಳೆಯುತ್ತೇನೆ, ಅದೂ ಟಿಬಿಎ ಹಾಕಿ, ಅಂದಾಗ ನಮ್ಮ ಕನ್ಸಲ್ಟೆಂಟ್ ಜೋರಾಗಿಯೇ ನಕ್ಕಿದ್ದರು. ಟಿಬಿಎ ಅಂದರೆ ಥಯೋಬಾರ್ಬಿಟ್ಯೂರಿಕ್ ಆಸಿಡ್, ಕೊಬ್ಬು ಸುಟ್ಟಾಗ (ಆಕ್ಸಿಡೈಸ್ ಆದಾಗ) ಹುಟ್ಟೋ ಎಂಡಿಎ ಅನ್ನೋ ವಸ್ತುವಿನ ಜೊತೆ ಗುಲಾಬಿ ಬಣ್ಣ ಕೊಡೋ ಪುಡಿ. "ಅದು ಅಜ್ಜನ ಕಾಲದ್ದು ಮೇಡಂ, ಸಕ್ಕರೆಗೂ ಬಣ್ಣ ಬರುತ್ತೆ, ಕಾಮಾಲೆಯ ಹಳದಿ ಬಿಲಿರುಬಿನ್‌ಗೂ ಬರುತ್ತೆ, ಸುಮ್ನೆ ರೆಡಿಮೇಡ್ ಕಿಟ್ ತರಿಸಿ" ಅಂದರು. ತರಿಸಿದೆ. 96 ಕುಳಿಯ ಪ್ಲೇಟ್, ಹತ್ತಿರ ಹತ್ತಿರ 48 ಸಾವಿರ. ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರೋ ದ್ರಾವಣ), ಎರಡೆರಡು ಸಲ ಓಡಿಸೋ ಡೂಪ್ಲಿಕೇಟ್ ಎಲ್ಲ ಕಳೆದರೆ, ಒಬ್ಬೊಬ್ಬರದ್ದೇ ಹಲವು ದಿನದ ಸ್ಯಾಂಪಲ್ ಇದ್ದದ್ದರಿಂದ, ಕೈಗೆ ಸಿಕ್ಕಿದ್ದು ಏಳೆಂಟು ರೋಗಿಗಳ ಲೆಕ್ಕ. ಅದೂ ಒಂದಕ್ಕೊಂದು ತಾಳೆ ಇಲ್ಲ. ಮುಂದಿನ ಕಿಟ್‌ಗೆ ದುಡ್ಡು ಕೇಳೋ ಮುಖ ನನಗೂ ಉಳಿದಿರಲಿಲ್ಲ.

ಮತ್ತೆ ಟಿಬಿಎಗೇ ಬಂದೆ. ಟಿಬಿಎ ಪುಡಿ, ಬಣ್ಣ ಎಳೆಯೋ ಬ್ಯೂಟನಾಲ್ ದ್ರಾವಕ, ಕೊಬ್ಬು ಸುಡದಂತೆ ತಡೆಯೋ ಬಿಎಚ್‌ಟಿ ಎಲ್ಲ ಸೇರಿ ಕೈಯಿಂದ ಏಳು ಸಾವಿರ ಹೋಯಿತು. 95 ಡಿಗ್ರಿಯಲ್ಲಿ ಒಂದು ಗಂಟೆ ಕುದಿಸುವಾಗ ಟ್ಯೂಬಿನ ನೀರು ಆವಿಯಾಗಿ ರೀಡಿಂಗ್ ಏರುತ್ತಿತ್ತು. ಮಕ್ಕಳು ಆಡೋ ಗಾಜಿನ ಗೋಲಿ ತಂದು ಒಂದೊಂದು ಟ್ಯೂಬಿನ ಬಾಯಿಗೂ ಕೂರಿಸಿದೆ. ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು ನೋಡಿ "ಇದೂ ಲ್ಯಾಬಾ ಮೇಡಂ?" ಅಂದ. ಆವಿ ಸಮಸ್ಯೆ ಹೋಯಿತು, ನಂಬರ್ ಮಾತ್ರ ಹಂಗೇ ಕುಣಿಯುತ್ತಿತ್ತು. ಒಬ್ಬರೇ ರೋಗಿ, ಕಂಡೀಷನಿಂಗ್ (ಕಸಿಗೆ ಮುಂಚಿನ ಜೋರು ಕೀಮೋ) ಶುರುವಾಗೋ ಮೊದಲೇ ಎಂಡಿಎ ಒಂದು ದಿನ 2, ಮಾರನೇ ದಿನ ಲೀಟರಿಗೆ 9 ಮೈಕ್ರೊಮೋಲ್. ಮೆಲ್ಫಲಾನ್ ಅನ್ನೋ ಆ ಕೀಮೋ ಔಷಧಿ ಇನ್ನೂ ಮೈಗೆ ಹೋಗಿಲ್ಲ, ಎಲ್ಲಿಂದ ಬಂತು 9?

ನಾಲ್ಕು ತಿಂಗಳು ಟಿಬಿಎಯನ್ನೇ ಬೈದೆ. ತಪ್ಪು ಇದ್ದದ್ದು ವಾರ್ಡಿಗೂ ಫ್ರೀಜರಿಗೂ ನಡುವಿನ ದಾರಿಯಲ್ಲಿ. ಒಂದು ದಿನ ಬೆಳಗ್ಗೆ ಐದೂವರೆಗೆ ವಾರ್ಡಿಗೆ ಹೋಗಿ ಸುಮ್ಮನೆ ಒಂದು ಕಡೆ ನಿಂತೆ. ಸಿಸ್ಟರ್ ಸೆಂಟ್ರಲ್ ಲೈನಿಂದ (ದೊಡ್ಡ ರಕ್ತನಾಳಕ್ಕೆ ಕೂರಿಸಿದ ಕೊಳವೆ) ದೊಡ್ಡ ಸಿರಿಂಜಲ್ಲಿ ಜೋರಾಗಿ ರಕ್ತ ಎಳೆದರು, ಆಮೇಲೆ ಸೂಜಿ ಚುಚ್ಚಿ ಅಷ್ಟೇ ಜೋರಾಗಿ ಟ್ಯೂಬಿಗೆ ಒತ್ತಿದರು. ಕೆಂಪುಕಣ ಒಡೆಯದೆ ಇನ್ನೇನಾಗುತ್ತೆ? ಒಡೆದ ಕಣದ ಕಬ್ಬಿಣ ಕುದಿಯೋ ಟ್ಯೂಬಲ್ಲೇ ಕೊಬ್ಬನ್ನು ಸುಡುತ್ತೆ, ನಾನು ಅದನ್ನು ರೋಗಿಯ ಲೆಕ್ಕಕ್ಕೆ ಬರೆಯುತ್ತಿದ್ದೆ. ಸಾಲದ್ದಕ್ಕೆ ಟ್ಯೂಬುಗಳು ಎಂಟೂವರೆವರೆಗೆ ಟ್ರೇನಲ್ಲೇ ಕೂತಿರುತ್ತಿದ್ದವು. ಅಲ್ಲಿಂದ ಮೈನಸ್ 20ರ ಫ್ರೀಜರಿಗೆ, ಅಲ್ಲೂ ವಾರಗಟ್ಟಲೆ ಇಟ್ಟರೆ ಎಂಡಿಎ ಏರುತ್ತಲೇ ಇರುತ್ತೆ.

ಸಿಸ್ಟರ್ ಹತ್ರ ಜಗಳ ಆಡಲಿಲ್ಲ, ಬಿಸಿ ಇಡ್ಲಿ ಒಯ್ದೆ. ಆಮೇಲೆ ಎಲ್ಲ ಸಲೀಸಾಯಿತು. ಮೊದಲ 5 ಎಂಎಲ್ ಬೇರೆ ತೆಗೆಯುವುದು, ಮೆಲ್ಲಗೆ ಎಳೆಯುವುದು, ರಕ್ತ ಹೆಪ್ಪುಗಟ್ಟದಂತೆ ಇಡೋ ಇಡಿಟಿಎ ಟ್ಯೂಬಿಗೆ ಸೂಜಿ ಬಿಚ್ಚಿ ಬಿಡುವುದು. ಮನೆಯ ಊಟದ ಫ್ಲಾಸ್ಕಿಗೆ ಐಸ್ ತುಂಬಿ ಅದರಲ್ಲೇ ತಂದು ಅರ್ಧ ಗಂಟೆಯೊಳಗೆ ಜೋರಾಗಿ ತಿರುಗಿಸಿ (ಸ್ಪಿನ್) ಪ್ಲಾಸ್ಮಾ, ಅಂದರೆ ಕಣ ಬಿಟ್ಟು ಉಳಿದ ದ್ರವ, ತೆಗೆಯುವುದು, ಅದಕ್ಕೆ ಆಗಲೇ ಬಿಎಚ್‌ಟಿ, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80. ಕೆಂಪುಕಣ ಒಡೆದು ಗುಲಾಬಿ ಬಣ್ಣ ಆದ ಪ್ಲಾಸ್ಮಾ ಯಾರದ್ದಾದರೂ ಸರಿ, ಚೆಲ್ಲಿಬಿಡುತ್ತಿದ್ದೆ. ಪ್ರತಿ ಸ್ಯಾಂಪಲ್‌ಗೂ ಟಿಬಿಎ ಇಲ್ಲದ ಅದರದ್ದೇ ಬ್ಲಾಂಕ್ ಓಡಿಸಿ ಆ ಬಣ್ಣ ಕಳೆಯುವುದು, ಇಲ್ಲದಿದ್ದರೆ ಕಾಮಾಲೆ ಇರೋರ ರೀಡಿಂಗ್ ನಂಬೋ ಹಾಗಿಲ್ಲ. ಬ್ಯೂಟನಾಲ್‌ಗೆ ಬಣ್ಣ ಎಳೆದು 532 ನ್ಯಾನೊಮೀಟರ್ ಬೆಳಕಿನಲ್ಲಿ ಓದುವುದು. ಎಳೆಯೋ ಮೊದಲು ನಾನು ಒಂದು ಚಿಟಿಕೆ ಇನ್ನೇನೋ ಹಾಕುತ್ತೇನೆ, ಪದರ ಗಾಜಿನ ಹಾಗೆ ಬೇರೆಯಾಗುತ್ತೆ. ಅದು ನನ್ನ ಹತ್ರಾನೇ ಇರಲಿ.

ನಡುವೆ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ, ಅಂದರೆ ಈ ಹಾನಿ ತಡೆಯೋ ಶಕ್ತಿ, ಅಳೆಯೋ ಫ್ರ್ಯಾಪ್ ಪರೀಕ್ಷೆ ಕೂಡ ಮಾಡಿದೆ. ಕಂಡೀಷನಿಂಗ್ ಶುರುವಾದ ಕೂಡಲೇ ಆಂಟಿಆಕ್ಸಿಡೆಂಟ್ ಧೊಪ್ಪನೆ ಬಿತ್ತು. ಎರಡು ದಿನ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ, ಪೇಪರಿನ ಶೀರ್ಷಿಕೆ ಕೂಡ ಬರೆದಿಟ್ಟೆ. ಆಮೇಲೆ ಚಾರ್ಟ್ ತೆಗೆದರೆ ಎಲ್ಲರಿಗೂ ಅಲೊಪ್ಯುರಿನಾಲ್ ಮಾತ್ರೆ! ಫ್ರ್ಯಾಪ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಯೂರಿಕ್ ಆಸಿಡ್ದೇ ಪಾಲು, ಮಾತ್ರೆ ಅದನ್ನು ಇಳಿಸಿತ್ತು, ಅಷ್ಟೇ. ಗ್ಲುಟಾಥಯೋನ್ ಅನ್ನೋ ಇನ್ನೊಂದು ಆಂಟಿಆಕ್ಸಿಡೆಂಟ್ ಗೋಜಿಗೆ ಎರಡೇ ವಾರ ಹೋದೆ, ನಿಮಿಷಗಳಲ್ಲಿ ಆಕ್ಸಿಡೈಸ್ ಆಗೋ ವಸ್ತುವಿನ ಹಿಂದೆ ಲಿಫ್ಟ್ ಇಲ್ಲದ ಕಟ್ಟಡದಲ್ಲಿ ಓಡೋಕಾಗಲ್ಲ. ಡೇ ಝೀರೋ, ಅಂದರೆ ಕಸಿಯ ದಿನದ, ಸ್ಯಾಂಪಲ್ ಮಾತ್ರ ರೋಗಿಗೆ ಕಾಂಡಕೋಶಗಳನ್ನು ಹಾಕೋ ಮೊದಲೇ ತಗೊಳ್ಳಿ. ಫ್ರೀಜ್ ಮಾಡಿದ ಕೋಶಗಳ ಬ್ಯಾಗಿನಲ್ಲಿ ಅವು ಕೆಡದಂತೆ ಕಾಯೋ ಡಿಎಂಎಸ್‌ಒ ಇರುತ್ತೆ, ಅದು ತಾನೇ ಈ ಹಾನಿ ಮಾಡೋ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹಿಡಿಯುತ್ತೆ. ಆಮೇಲೆ ತೆಗೆದ ರೀಡಿಂಗ್ ನಂಬೋ ಹಾಗಿಲ್ಲ. ಕೋಶ ಹಾಕಿದ ಮೇಲೆ ರೂಮೆಲ್ಲ ಅದರದ್ದೇ ಬೆಳ್ಳುಳ್ಳಿ ವಾಸನೆ.

ಈ ರೀತಿ ಹತ್ತೊಂಬತ್ತು ಜನರದ್ದು ಮುಗಿಸಿದೆ, ಹೆಚ್ಚಿನವರು ಮೈಲೋಮಾ ಅನ್ನೋ ರಕ್ತದ ಕ್ಯಾನ್ಸರಿನವರು. ನೆನಪಿನಿಂದ ಹೇಳುತ್ತೇನೆ: ದಾಖಲಾದ ದಿನ ಎಂಡಿಎ 2ರ ಆಸುಪಾಸು, ಡೇ ಪ್ಲಸ್ ಏಳಕ್ಕೆ (ಕಸಿಯಾಗಿ ಏಳು ದಿನಕ್ಕೆ) 4 ದಾಟುತ್ತೆ, ನ್ಯೂಟ್ರೊಫಿಲ್ (ಸೋಂಕು ತಡೆಯೋ ಬಿಳಿಕಣ) ಮೈಕ್ರೊಲೀಟರಿಗೆ 500 ದಾಟಿ ಮೂರು ದಿನ ನಿಂತ ಮೇಲೆ, ಅಂದರೆ ಕಸಿ ಹಿಡಿದ ಮೇಲೆ, ಮೆಲ್ಲಗೆ ಇಳಿಯುತ್ತೆ. ಇಬ್ಬರದ್ದು ಇಳಿಯಲೇ ಇಲ್ಲ, ಇಬ್ಬರಿಗೂ ಸೋಂಕು ಇತ್ತು. ಒಂದೇ ಸ್ಯಾಂಪಲ್ ಐದು ದಿನ ಓಡಿಸಿದರೂ ನೂರಕ್ಕೆ ಆರೇಳರಷ್ಟೇ ವ್ಯತ್ಯಾಸ. ಖರ್ಚು ಟ್ಯೂಬಿಗೆ ಇಪ್ಪತ್ತು ರೂಪಾಯಿ ಆಗಿರಬಹುದು. ಕನ್ಸಲ್ಟೆಂಟ್ ಗ್ರಾಫ್ ನೋಡಿ ಏನೂ ಹೇಳಲಿಲ್ಲ, ಮಾರನೇ ದಿನ ಫೆರಿಟಿನ್ ಸಾವಿರಗಟ್ಟಲೆ ಇರೋ, ಅಂದರೆ ಮೈಯಲ್ಲಿ ಕಬ್ಬಿಣ ತುಂಬಿರೋ, ಥಲಸ್ಸೀಮಿಯಾ ಮಕ್ಕಳ ಪಟ್ಟಿ ಕಳಿಸಿದರು. ಮೂರು ಮಕ್ಕಳದ್ದು ಆಗಿದೆ. ಗೋಲಿ ಸಾಲದೆ ಮೊನ್ನೆ ಇನ್ನೊಂದು ಡಜನ್ ತಂದೆ.