‘ಮೇಲೆ’ಯನ್ನು ಕಲಿಸುವ ಪಾಡು

ಬೆಂಗಳೂರಿನ ನಮ್ಮ ಬಡಾವಣೆಯಲ್ಲಿ ಹೊರರಾಜ್ಯದವರಿಗೆ ಭಾನುವಾರ ಸಂಜೆ ಕನ್ನಡ ಹೇಳಿಕೊಡುತ್ತೇನೆ. ಕೆಳಗೆ, ಒಳಗೆ, ಹೊರಗೆ ಎಲ್ಲವೂ ಒಂದೇ ಪಾಠದಲ್ಲಿ ಮುಗಿಯುತ್ತವೆ. ‘ಮೇಲೆ’ಗೆ ಮಾತ್ರ ಬಿಡುವು ಮಾಡಿಕೊಂಡು ಕೂರಬೇಕು.

ಹಿಂದಿಯವರು ‘ಪರ್’ ಇದ್ದಲ್ಲೆಲ್ಲ ‘ಮೇಲೆ’ ತಂದು ಕೂರಿಸುತ್ತಾರೆ. ‘ಘರ್ ಪರ್’ ಇದ್ದೇನೆ ಎನ್ನಲು ಹೋಗಿ ‘ಮನೆಯ ಮೇಲಿದ್ದೇನೆ’ ಎಂದವರೊಬ್ಬರ ಮಾತು ಕೇಳಿ, ನೀರಿನ ಕ್ಯಾನ್ ತಂದವನು ಅದನ್ನು ಹೊತ್ತು ತಾರಸಿ ಹತ್ತಿದ್ದ. ಹಾಗಾಗಿ ‘ಮೇಲೆ’ ಎಲ್ಲಿ ಬರಬಾರದು ಎಂಬುದರಿಂದಲೇ ಶುರು ಮಾಡುತ್ತೇನೆ: ಮನೆಯಲ್ಲಿ, ಫೋನಿನಲ್ಲಿ, ಸಮಯಕ್ಕೆ ಸರಿಯಾಗಿ.

ನಿಜವಾದ ಕಸರತ್ತು ಕಾಲದ ‘ಮೇಲೆ’ಯದು. ಬರುವುದು ನಾಳೆಯೇ ಆದರೂ ನಾವು ‘ನಾಳೆ ನೀವು ಬಂದ ಮೇಲೆ ಮಾತನಾಡೋಣ’ ಎನ್ನುತ್ತೇವೆ. ನಾಳೆಯ ಕೆಲಸಕ್ಕೆ ‘ಬಂದ’ ಏಕೆ ಎಂದು ಕೇಳುತ್ತಾರೆ. ‘ಬರುವ ಮೇಲೆ’ ಎಂದು ಬರೆದು ತರುತ್ತಾರೆ. ವ್ಯಾಕರಣ ಬಿಡಿಸುತ್ತಾ ಕೂರುವುದಿಲ್ಲ. ಹಲಗೆಯ ಮೇಲೆ ‘ಬರುವ ಮುಂಚೆ, ಬಂದ ಮೇಲೆ’ ಎಂದು ಜೋಡಿಯಾಗಿ ಬರೆದು, ಬೆಳಗಿನ ದಿನಚರಿಯನ್ನು ಅದರಲ್ಲೇ ಹೇಳಿಸುತ್ತೇನೆ: ಎದ್ದ ಮೇಲೆ ಹಲ್ಲುಜ್ಜಿದೆ, ಹಲ್ಲುಜ್ಜಿದ ಮೇಲೆ ಕಾಫಿ ಕುಡಿದೆ... ತಮಿಳರಿಗೂ ತೆಲುಗರಿಗೂ ಇದು ನೀರು ಕುಡಿದಷ್ಟು ಸುಲಭ. ‘ವಂದ ಪಿರಗು’, ‘ವಚ್ಚಿನ ತರ್ವಾತ’ ಎಂದು ಅವರೂ ಆಗಿಹೋದ ಕ್ರಿಯೆಯನ್ನೇ ಹಿಡಿಯುತ್ತಾರಲ್ಲ.

ನನಗೆ ಬಲು ಇಷ್ಟದ ‘ಮೇಲೆ’ ಇನ್ನೊಂದಿದೆ. ‘ಮನೆಗೆ ಬಂದ ಮೇಲೆ ಕಾಫಿ ಕುಡಿಯದೆ ಹೋಗುವುದುಂಟೇ?’ ಇಲ್ಲಿ ಗಡಿಯಾರಕ್ಕೆ ಕೆಲಸವಿಲ್ಲ; ಬಂದಿದ್ದೀರಿ, ಆದ್ದರಿಂದ ಕುಡಿಯಲೇಬೇಕು. ‘ನೀವೇ ಹೇಳಿದ ಮೇಲೆ ಇನ್ನೇನಿದೆ’ ಎನ್ನುವುದೂ ಇದೇ ಜಾತಿ. ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡದೆ ಇದು ನಾಲಿಗೆಗೆ ಹತ್ತುವುದಿಲ್ಲ. ಅದಕ್ಕೇ ಮನೆಪಾಠವಾಗಿ ಪಕ್ಕದ ಮನೆಗೆ ಅಟ್ಟುತ್ತೇನೆ.

ಉಳಿದವನ್ನು ದಾರಿಯಲ್ಲಿ ಸಿಕ್ಕಂತೆ ಹೇಳಿದರೆ ಸಾಕು. ಅವನ ಮೇಲೆ ಕೋಪ, ಸಾವಿರದ ಮೇಲೆ ಬೆಲೆ, ಇನ್ನು ಮೇಲೆ ತಡ ಮಾಡಬೇಡಿ. ರಸ್ತೆಯಲ್ಲಿ ಮೇಲ್ಸೇತುವೆ, ಕೋರ್ಟಿನಲ್ಲಿ ಮೇಲ್ಮನವಿ, ಮಂಡ್ಯ ಜಿಲ್ಲೆಯಲ್ಲಿ ಬೆಟ್ಟದ ಮೇಲಿನ ಮೇಲುಕೋಟೆ. ಅರ್ಥಗಳ ಉದ್ದನೆಯ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ನಂಬಿಕೆಯಿಲ್ಲ.

‘ಮೇಲಿಂದ ಮೇಲೆ’ಯನ್ನು ಮಾತ್ರ ಎರಡನೇ ತಿಂಗಳಿಗೆ ಉಳಿಸಿಕೊಳ್ಳುತ್ತೇನೆ. ಮೊದಲೇ ಹೇಳಿದರೆ ಮತ್ತೆ ತಾರಸಿಯನ್ನೇ ನೋಡುತ್ತಾರೆ.