ಚಿಲ್ಲರೆ ಉಳಿತಾಯಕ್ಕೆ ಪಡುವ ಶ್ರಮ ಸಾರ್ಥಕವೇ?

ಮನೆಯ ಖರ್ಚುವೆಚ್ಚದ ಲೆಕ್ಕ ನನ್ನ ಕೈಗೆ ಬಂದು ನಲವತ್ತು ವರ್ಷ ದಾಟಿದೆ. ಇಷ್ಟು ಕಾಲದಲ್ಲಿ ಕಿರಿಯರು ನನ್ನನ್ನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆಯೆಂದರೆ, ಅಷ್ಟಿಷ್ಟು ಚಿಲ್ಲರೆ ಉಳಿಸುವುದಕ್ಕಾಗಿ ಇಷ್ಟೊಂದು ಒದ್ದಾಡಬೇಕೇ ಎಂಬುದು. ಹನಿ ಹನಿ ಗೂಡಿದರೆ ಹಳ್ಳ ಎಂದು ಹೇಳಿ ಅವರ ಬಾಯಿ ಮುಚ್ಚಿಸುವುದು ಸುಲಭ, ನಾನೂ ಬಹುಕಾಲ ಹಾಗೆಯೇ ಮಾಡುತ್ತಿದ್ದೆ. ಆದರೆ ಬಿದ್ದ ಹನಿಗಳೆಲ್ಲವೂ ಹಳ್ಳವನ್ನು ಸೇರುವುದಿಲ್ಲ, ಎಷ್ಟೋ ಹನಿಗಳು ಬಿದ್ದಲ್ಲೇ ಇಂಗಿ ಹೋಗುತ್ತವೆ ಎಂಬುದು ನನಗೆ ತಡವಾಗಿ ತಿಳಿಯಿತು. ಆದ್ದರಿಂದ ಈಗ ನಾನು ಕೊಡುವ ಉತ್ತರ ಸ್ವಲ್ಪ ಬೇರೆ. ಉಳಿಯುವ ಮೊತ್ತ ಎಷ್ಟು ಎಂದು ಕೇಳುವ ಮೊದಲು, ಅದಕ್ಕಾಗಿ ಎಷ್ಟು ಸಲ ಶ್ರಮಪಡಬೇಕು ಎಂದು ಕೇಳಿಕೊಳ್ಳಬೇಕು. ಒಮ್ಮೆ ಮಾಡಿ ಮುಗಿಸಿದ ಕೆಲಸವೊಂದು ವರ್ಷಗಟ್ಟಲೆ ತಾನಾಗಿಯೇ ಉಳಿಸುತ್ತ ಹೋಗುವುದಾದರೆ, ಆ ಉಳಿತಾಯ ಎಷ್ಟೇ ಅಲ್ಪವಾಗಿರಲಿ, ಅದನ್ನು ಮಾಡತಕ್ಕದ್ದು. ದಿನದಿನವೂ ಮನಸ್ಸಿನೊಡನೆ ಜಗಳವಾಡಿ ಗೆಲ್ಲಬೇಕಾದ ಉಳಿತಾಯ ಮೂರು ತಿಂಗಳು ಬಾಳುವುದೂ ಕಷ್ಟ.

ವಿದ್ಯುತ್ತಿನ ಖರ್ಚನ್ನೇ ತೆಗೆದುಕೊಳ್ಳಿ, ಅಲ್ಲಿ ಲೆಕ್ಕ ಹಾಕುವುದು ಸುಲಭ. ಟಂಗ್‌ಸ್ಟನ್ ತಂತಿಯ 60 ವ್ಯಾಟಿನ ಹಳೆಯ ಬಲ್ಬು ಕೊಡುವಷ್ಟೇ ಬೆಳಕನ್ನು ಸುಮಾರು 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿಯುವ ಜಾಗದಲ್ಲಿ ಅಂತಹ ಒಂದು ಬಲ್ಬನ್ನು ಬದಲಾಯಿಸಿದರೆ ವರ್ಷಕ್ಕೆ 93 ಯೂನಿಟ್ ಉಳಿಯುತ್ತದೆ. ಬಲ್ಬು ಬದಲಾಯಿಸಲು ಬೇಕಾದದ್ದು ಎರಡು ನಿಮಿಷ, ಅದೂ ಒಂದೇ ಸಲ. ಇದಕ್ಕೆ ಪ್ರತಿಯಾಗಿ, ಮೊಬೈಲು ತೆಗೆದ ಮೇಲೆ ಚಾರ್ಜರನ್ನು ಗೋಡೆಯಲ್ಲೇ ಬಿಟ್ಟರೆಂದು ಮನೆಮಂದಿಯ ಮೇಲೆ ರೇಗುವವರನ್ನು ನೋಡಿದ್ದೇನೆ. ಹಾಗೆ ಖಾಲಿ ಬಿಟ್ಟ ಈಗಿನ ಚಾರ್ಜರು ಕಾಲು ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೂ ವರ್ಷವಿಡೀ ಅದು ತಿನ್ನುವುದು 2 ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಆದರೆ ಟಿವಿಯ ಪಕ್ಕದಲ್ಲಿ ಆರಿಸಿದಂತೆ ಕಾಣುತ್ತ, ಒಳಗೊಳಗೇ 10 ವ್ಯಾಟ್ ಎಳೆಯುತ್ತ ಕುಳಿತಿರುವ ಪೆಟ್ಟಿಗೆಯೊಂದಿದ್ದರೆ ಅದು ವರ್ಷಕ್ಕೆ ಸುಮಾರು 88 ಯೂನಿಟ್ ನುಂಗುತ್ತದೆ. ಇನ್ನು ಸ್ನಾನದ ನೀರಿನ ವಿಷಯವಂತೂ ಬೇರೆಯೇ. 20 ಲೀಟರ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡಲು ಹೆಚ್ಚುಕಡಿಮೆ ಅರ್ಧ ಯೂನಿಟ್ ಬೇಕು. ಅಂದರೆ ಒಂದೇ ಒಂದು ಬಕೆಟ್ ಬಿಸಿನೀರನ್ನು ಸುಮ್ಮನೆ ಚೆಲ್ಲಿದರೆ, ಎರಡೂವರೆ ತಿಂಗಳು ಚಾರ್ಜರಿಗಾಗಿ ಮಾಡಿದ ಜಗಳವೆಲ್ಲ ಆ ನೀರಿನೊಡನೆ ಹರಿದು ಹೋಗುತ್ತದೆ. ಹೀಗಾಗಿ ನಾನು ಚಾರ್ಜರಿನ ಮಾತೆತ್ತುವುದನ್ನು ಬಿಟ್ಟು, ಗೀಸರಿನ ಉಷ್ಣತೆಯ ತಿರುಪನ್ನು ಒಮ್ಮೆ ತಗ್ಗಿಸಿಟ್ಟೆ. ಮನೆಯಲ್ಲಿ ಶಾಂತಿಯೂ ಉಳಿಯಿತು.

ಸೋರುವ ನಲ್ಲಿಯೂ ಇದೇ ಜಾತಿಗೆ ಸೇರಿದ್ದು. ಸೆಕೆಂಡಿಗೆ ಒಂದು ಹನಿ ಬೀಳುವ ನಲ್ಲಿಯಲ್ಲಿ, 20 ಹನಿಗೆ 1 ಮಿಲಿಲೀಟರ್ ಎಂದು ಜಿಪುಣತನದಿಂದ ಹಿಡಿದರೂ, ದಿನಕ್ಕೆ 4 ಲೀಟರಿಗೂ ಹೆಚ್ಚು, ವರ್ಷಕ್ಕೆ 1,500 ಲೀಟರಿಗೂ ಹೆಚ್ಚು ನೀರು ಹೋಗುತ್ತದೆ. ಸರಿಪಡಿಸಲು ಹೆಚ್ಚಿನ ಸಲ ಒಂದು ವಾಷರ್ ಸಾಕು. ಬಿಸಿನೀರಿನ ನಲ್ಲಿಯಾಗಿದ್ದರೆ ಆ ದಿನವೇ ಸರಿಪಡಿಸಿ.

ಹಾಗಾದರೆ ಪದೇ ಪದೇ ಮಾಡಬೇಕಾದ ಉಳಿತಾಯಗಳ ಗತಿಯೇನು ಎಂದು ನೀವು ಕೇಳಬಹುದು. ಅಲ್ಲಿ ನಾನು ಗಂಟೆಯ ಲೆಕ್ಕ ಹಾಕುತ್ತೇನೆ. ದೂರದ ಅಂಗಡಿಯಲ್ಲಿ ಅಗ್ಗವೆಂದು ಹೋಗಿಬರಲು ಒಂದೂವರೆ ಗಂಟೆ ಹಿಡಿದರೆ, ಪ್ರಯಾಣದ ಖರ್ಚನ್ನು ಕಳೆದು ಉಳಿದ ಮೊತ್ತವನ್ನು ಒಂದೂವರೆಯಿಂದ ಭಾಗಿಸಿ, ಆ ಕೂಲಿಗೆ ನೀವು ಬೇರೆಯವರ ಮನೆಯಲ್ಲಿ ದುಡಿಯಲು ಒಪ್ಪುತ್ತಿದ್ದಿರೇ ಎಂದು ಕೇಳಿಕೊಳ್ಳಿ. ಈ ಲೆಕ್ಕದಲ್ಲಿ ಎರಡು ಸಂಗತಿಗಳನ್ನು ಮರೆಯಬಾರದು. ಮೊದಲನೆಯದು, ಉಳಿಸಿದ ಹಣಕ್ಕೆ ಆದಾಯ ತೆರಿಗೆ ಇಲ್ಲ. ಗಳಿಕೆಯ ಮೇಲೆ ನೂರಕ್ಕೆ 20 ತೆರಿಗೆ ಕಟ್ಟುವವರು ಕೈಯಲ್ಲಿ 100 ಉಳಿಯಬೇಕಾದರೆ 125 ಗಳಿಸಬೇಕು, ಆದರೆ 100 ಉಳಿಸಿದರೆ ಆ 100 ಪೂರ್ತಿ ಅವರದೇ. ಎರಡನೆಯದು, ನಿಮ್ಮ ಬಿಡುವಿನ ಗಂಟೆಗೆ ಕೂಲಿ ಕೊಡಲು ಯಾರೂ ಕಾದು ನಿಂತಿಲ್ಲವಾದರೆ, ಮತ್ತು ಆ ನಡಿಗೆ ನಿಮಗೆ ಹಿತವೆನಿಸುವುದಾದರೆ, ಗಂಟೆಯ ಬೆಲೆಯನ್ನು ತಗ್ಗಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ನಿವೃತ್ತಳಾದ ಮೇಲೆ ನಾನೇ ಅದನ್ನು ಬಹಳಷ್ಟು ತಗ್ಗಿಸಿಕೊಂಡಿದ್ದೇನೆ. ಪುಟ್ಟ ಮಗುವನ್ನು ಸಂಭಾಳಿಸುತ್ತ ಕೆಲಸಕ್ಕೂ ಹೋಗುವವರಿಗೆ ಆ ಸ್ವಾತಂತ್ರ್ಯವಿಲ್ಲ, ಅವರು ನನ್ನನ್ನು ಅನುಕರಿಸಬಾರದು.

ನಮ್ಮ ಮನಸ್ಸು ಈ ಲೆಕ್ಕದಲ್ಲಿ ಸದಾ ಎಡವುತ್ತದೆ. ಅಮೋಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನಶ್ಶಾಸ್ತ್ರಜ್ಞರು 1981ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರಿಗೆ ಹೀಗೆ ಕೇಳಲಾಗಿತ್ತು: 15 ಡಾಲರಿನ ಕ್ಯಾಲ್ಕುಲೇಟರ್ 20 ನಿಮಿಷ ದೂರದ ಇನ್ನೊಂದು ಮಳಿಗೆಯಲ್ಲಿ 10 ಡಾಲರಿಗೆ ಸಿಗುವುದಾದರೆ ಅಲ್ಲಿಗೆ ಹೋಗುತ್ತೀರಾ? ನೂರಕ್ಕೆ 68 ಮಂದಿ ಹೋಗುತ್ತೇವೆ ಎಂದರು. ಅದೇ ಕ್ಯಾಲ್ಕುಲೇಟರಿನ ಬೆಲೆ 125 ಡಾಲರ್, ದೂರದ ಮಳಿಗೆಯಲ್ಲಿ 120 ಡಾಲರ್ ಎಂದು ಕೇಳಿದಾಗ ಹೋಗಲು ಒಪ್ಪಿದವರು ನೂರಕ್ಕೆ 29 ಮಂದಿ ಮಾತ್ರ. ಉಳಿಯುವುದು ಎರಡು ಕಡೆಯೂ ಅದೇ 5 ಡಾಲರ್, ಹೋಗಬೇಕಾದ ದೂರವೂ ಅದೇ. ರಿಯಾಯಿತಿಯ ಶೇಕಡಾ ಅಂಕಿ ದೊಡ್ಡದಾಗಿ ಕಂಡರೆ ಓಡುತ್ತೇವೆ, ಚಿಕ್ಕದಾಗಿ ಕಂಡರೆ ಉದಾಸೀನ ಮಾಡುತ್ತೇವೆ. ನಾನು ತರಕಾರಿಯ ಮುಂದೆ ನಿಂತು ಕಾಲು ಗಂಟೆ ಚೌಕಾಸಿ ಮಾಡಿ, ಅದೇ ವಾರ ಒಂದು ದೊಡ್ಡ ಯಂತ್ರವನ್ನು ಎರಡನೆಯ ಅಂಗಡಿಯಲ್ಲಿ ಬೆಲೆ ವಿಚಾರಿಸದೆಯೇ ಕೊಂಡು ತಂದವಳು. ಆ ಯಂತ್ರದಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಲು ಎಷ್ಟು ವರ್ಷದ ಚೌಕಾಸಿ ಬೇಕಾಗುತ್ತಿತ್ತೆಂದು ಲೆಕ್ಕ ಹಾಕುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇದಕ್ಕಿಂತಲೂ ದೊಡ್ಡ ತಪ್ಪೊಂದನ್ನು ಹೇಳಬೇಕು. ಸಂಸಾರದ ಆರಂಭದ ದಿನಗಳಲ್ಲಿ ಒಂದು ವರ್ಷವಿಡೀ ನಾನು ಒಂದು ಪುಸ್ತಕದಲ್ಲಿ, ಕೊಳ್ಳಬೇಕೆಂದು ಆಸೆಯಾಗಿ ಕೊಳ್ಳದೆ ಬಿಟ್ಟ ಪ್ರತಿಯೊಂದು ವಸ್ತುವಿನ ಬೆಲೆಯನ್ನೂ ಬರೆದಿಟ್ಟೆ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಮೊತ್ತ ಸಣ್ಣದೇನಾಗಿರಲಿಲ್ಲ, ಆದರೆ ಖಾತೆಯಲ್ಲಿ ಮಾತ್ರ ಮೊದಲಿದ್ದಷ್ಟೇ ಹಣವಿತ್ತು. ಒಂದು ಕಡೆ ಖರ್ಚು ಮಾಡದೆ ಬಿಟ್ಟ ಹಣ ಅದೇ ಕೈಚೀಲದಲ್ಲಿ ಉಳಿದು ಇನ್ನೊಂದು ಕಡೆ ಖರ್ಚಾಗಿ ಹೋಗಿತ್ತು. ಅಂದಿನಿಂದ ನಾನು ಪಾಲಿಸಿಕೊಂಡು ಬಂದ ಕ್ರಮವೆಂದರೆ, ಉಳಿಯಿತು ಎಂದುಕೊಂಡ ಹಣವನ್ನು ಆ ದಿನವೇ, ಸುಲಭವಾಗಿ ಕೈಗೆಟುಕದ ಬೇರೊಂದು ಖಾತೆಗೆ ಅಥವಾ ಡಬ್ಬಿಗೆ ದಾಟಿಸಿಬಿಡುವುದು. ಸಂಬಳ ಬಂದ ದಿನವೇ ತಾನಾಗಿ ಕಡಿತವಾಗುವ ಏರ್ಪಾಡು ಮಾಡಿಕೊಂಡರೆ ಇನ್ನೂ ಒಳ್ಳೆಯದು, ಏಕೆಂದರೆ ಅದೂ ಒಮ್ಮೆ ಮಾಡಿ ಮುಗಿಸುವ ಕೆಲಸಗಳ ಸಾಲಿಗೇ ಸೇರುತ್ತದೆ.

ದಾಟಿಸಿದ ಹಣ ಎಷ್ಟಾಗುತ್ತದೆ ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ನೋಡೋಣ. ನಾಣ್ಯ ಯಾವುದೇ ಇರಲಿ, ದಿನಕ್ಕೆ 10ರಂತೆ ತಿಂಗಳಿಗೆ 300 ಕಟ್ಟುತ್ತ, ವರ್ಷಕ್ಕೆ ನೂರಕ್ಕೆ 6ರ ಬಡ್ಡಿ ತಿಂಗಳು ತಿಂಗಳೂ ಅಸಲಿಗೆ ಸೇರುತ್ತದೆ ಎಂದಿಟ್ಟುಕೊಳ್ಳಿ. ಐದು ವರ್ಷಕ್ಕೆ ಕಟ್ಟಿದ್ದು 18,000, ಕೈಗೆ ಬರುವುದು ಸುಮಾರು 20,900. ಇಲ್ಲಿ ಬಡ್ಡಿಯ ಪಾಲು ನೋಡಿ ಅನೇಕರು ನಿರಾಶರಾಗಿ ನಿಲ್ಲಿಸಿಬಿಡುತ್ತಾರೆ. ಹತ್ತು ವರ್ಷಕ್ಕೆ ಕಟ್ಟಿದ್ದು 36,000, ಬರುವುದು ಸುಮಾರು 49,000. ಇಪ್ಪತ್ತು ವರ್ಷಕ್ಕೆ ಕಟ್ಟಿದ್ದು 72,000, ಬರುವುದು 1,38,000ಕ್ಕೂ ಮೇಲೆ. ಚಕ್ರಬಡ್ಡಿಯ ಫಲವೆಲ್ಲ ಕೊನೆಕೊನೆಯ ವರ್ಷಗಳಲ್ಲೇ ಇದೆ ಎಂಬುದನ್ನು ಮೊದಲೇ ತಿಳಿದಿದ್ದರೆ ನಡುವೆ ಕೈಬಿಡುವ ಮನಸ್ಸಾಗುವುದಿಲ್ಲ. 72ನ್ನು ಬಡ್ಡಿಯ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷದಲ್ಲಿ ಇಮ್ಮಡಿಯಾಗುತ್ತದೆಂದು ಅಂದಾಜಾಗಿ ತಿಳಿಯುತ್ತದೆ. ಇಟಲಿಯ ಗಣಿತಜ್ಞ ಲೂಕಾ ಪಾಚಿಯೋಲಿ 1494ರಷ್ಟು ಹಿಂದೆಯೇ ಈ ಸೂತ್ರವನ್ನು ಬರೆದಿಟ್ಟಿದ್ದಾನೆ. ನೂರಕ್ಕೆ 6ರಲ್ಲಿ ಹನ್ನೆರಡು ವರ್ಷ. ಆದರೆ ಇದೇ ಸೂತ್ರ ಬೆಲೆಯೇರಿಕೆಗೂ ಹೊಂದುತ್ತದೆ. ಬೆಲೆಗಳು ವರ್ಷಕ್ಕೆ ನೂರಕ್ಕೆ 6ರಂತೆ ಏರುವ ಕಡೆ ಡಬ್ಬಿಯಲ್ಲಿ ಸುಮ್ಮನಿಟ್ಟ ಹಣದ ಕೊಳ್ಳುವ ಶಕ್ತಿ ಹನ್ನೆರಡು ವರ್ಷದಲ್ಲಿ ಅರ್ಧಕ್ಕಿಳಿಯುತ್ತದೆ, ಅಷ್ಟೇ ಬಡ್ಡಿ ತರುವ ಹಣ ಇದ್ದಲ್ಲೇ ಇರುತ್ತದೆ. ಆದ್ದರಿಂದ ಡಬ್ಬಿಯನ್ನು ತಿಂಗಳಿಗೊಮ್ಮೆ ಬರಿದು ಮಾಡಿ ಬಡ್ಡಿ ಬರುವಲ್ಲಿ ಇಡಬೇಕು, ಮತ್ತು ಚಿಲ್ಲರೆ ಉಳಿತಾಯದಿಂದಲೇ ಮುಪ್ಪಿನ ಕಾಲವೆಲ್ಲ ಸಾಗುತ್ತದೆ ಎಂದು ನಂಬಿ ಕೂರಬಾರದು.

ಸಾಲವಿರುವವರಿಗೆ ಮಾತ್ರ ನನ್ನ ಸಲಹೆ ಬೇರೆ. ತಿಂಗಳಿಗೆ ನೂರಕ್ಕೆ 3ರಂತೆ ಏರುವ ಕ್ರೆಡಿಟ್ ಕಾರ್ಡಿನ ಬಾಕಿ ವರ್ಷಕ್ಕೆ ನೂರಕ್ಕೆ 42ನ್ನು ಮೀರುತ್ತದೆ, ಎರಡೇ ವರ್ಷದಲ್ಲಿ ಇಮ್ಮಡಿಯಾಗುತ್ತದೆ. ಅಂತಹ ಬಾಕಿಯನ್ನು ತಲೆಯ ಮೇಲೆ ಹೊತ್ತುಕೊಂಡೇ ಇನ್ನೊಂದು ಖಾತೆಯಲ್ಲಿ ನೂರಕ್ಕೆ 6ರ ಬಡ್ಡಿಗೆ ಹಣ ಕೂಡಿಡುತ್ತಿದ್ದ ಬಂಧುವೊಬ್ಬರನ್ನು ಬಲ್ಲೆ. ಕೇಳಿದರೆ, ಉಳಿತಾಯದ ಅಭ್ಯಾಸ ತಪ್ಪಬಾರದು ಎನ್ನುತ್ತಿದ್ದರು. ಅಭ್ಯಾಸವನ್ನು ಬಿಡಬೇಕಾಗಿಯೇ ಇಲ್ಲ, ಪ್ರತಿದಿನದ ಆ ಚಿಲ್ಲರೆಯನ್ನು ಸಾಲಕ್ಕೆ ಕಟ್ಟಿದರಾಯಿತು, ಅದಕ್ಕಿಂತ ಹೆಚ್ಚು ಬಡ್ಡಿ ತರುವ ಜಾಗ ಇನ್ನೊಂದಿಲ್ಲ. ಒಂದು ತಿಂಗಳ ಮನೆಖರ್ಚಿನಷ್ಟನ್ನು ಮಾತ್ರ ಬೇರೆ ತೆಗೆದಿಡಿ. ಇಲ್ಲವಾದರೆ ಮುಂದಿನ ಸಲ ಜ್ವರ ಬಂದಾಗ ಮತ್ತೆ ಅದೇ ಕಾರ್ಡಿನ ಮೊರೆಹೋಗಬೇಕಾಗುತ್ತದೆ.

ದೊಡ್ಡ ಪೊಟ್ಟಣ ಅಗ್ಗವೆಂದು ಕೊಳ್ಳುವ ವಿಷಯದಲ್ಲಿಯೂ ಒಂದು ಲೆಕ್ಕ ಮನಸ್ಸಿನಲ್ಲಿರಲಿ. ನೂರಕ್ಕೆ 20 ಅಗ್ಗವಾಗಿ ತಂದ ಸಾಮಾನಿನಲ್ಲಿ ಐದನೆಯ ಒಂದು ಪಾಲು ಕೆಟ್ಟು ಹೋದರೆ ಲಾಭ ಸೊನ್ನೆ, ಅದಕ್ಕಿಂತ ಹೆಚ್ಚು ಹೋದರೆ ನಷ್ಟ. ಡಬ್ಬಿ ತುಂಬಿದ್ದಾಗ ಕೈ ಸಡಿಲವಾಗುತ್ತದೆ ಎಂಬುದು ಅಡುಗೆಮನೆಯಲ್ಲಿ ನಿಂತವರಿಗೆಲ್ಲ ಗೊತ್ತು, ಅದನ್ನೂ ನಷ್ಟಕ್ಕೇ ಸೇರಿಸಿಕೊಳ್ಳಿ. ಬೇಗ ಕೆಡದ, ಅಳತೆ ಮಾಡಿಯೇ ಬಳಸುವ ಸಾಮಾನುಗಳನ್ನು ಮಾತ್ರ ಹೀಗೆ ಕೊಳ್ಳುವುದು ಕ್ಷೇಮ.

ಆದಾಯ ಏರಿದಾಗ ಉಳಿತಾಯವನ್ನು ಏರಿಸಲು ಮನಸ್ಸು ಒಪ್ಪುವುದಿಲ್ಲ ಎನ್ನುವವರಿಗೆ, ರಿಚರ್ಡ್ ಥೇಲರ್ ಮತ್ತು ಶ್ಲೋಮೋ ಬೆನಾರ್ಟ್ಜಿ ಎಂಬ ಅರ್ಥಶಾಸ್ತ್ರಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಉಪಾಯ ನೆರವಾದೀತು. ಮುಂದೆ ಸಂಬಳ ಹೆಚ್ಚಿದಾಗಲೆಲ್ಲ ಹೆಚ್ಚಿದ್ದರಲ್ಲಿ ಒಂದು ಪಾಲು ತಾನಾಗಿ ಉಳಿತಾಯಕ್ಕೆ ಹೋಗಲಿ ಎಂದು ನೌಕರರಿಂದ ಮೊದಲೇ ಒಪ್ಪಿಗೆ ಪಡೆಯಲಾಯಿತು. ಹಾಗೆ ಒಪ್ಪಿದವರ ಸರಾಸರಿ ಉಳಿತಾಯ 40 ತಿಂಗಳಲ್ಲಿ ಸಂಬಳದ ನೂರಕ್ಕೆ 3.5ರಿಂದ 13.6ಕ್ಕೆ ಏರಿತು. ಕೈಗೆ ಬಾರದ ಹಣವನ್ನು ಬಿಟ್ಟುಕೊಡುವುದು ಕೈಯಲ್ಲಿರುವುದನ್ನು ಬಿಟ್ಟುಕೊಡುವಷ್ಟು ಕಷ್ಟವಲ್ಲ ಎಂಬ ಮನುಷ್ಯಸ್ವಭಾವವನ್ನು ಅವರು ಚೆನ್ನಾಗಿ ಬಳಸಿಕೊಂಡರು.

ಎಲ್ಲಿ ಉಳಿಸಲೇಬಾರದು ಎಂಬುದೂ ಹೇಳಬೇಕಾದ ಮಾತು. ಮನೆಗೆಲಸಕ್ಕೆ ಬರುವವರ ಕೂಲಿಯಲ್ಲಿ, ಗೆಳೆಯರೊಡನೆ ಹಂಚಿಕೊಳ್ಳಬೇಕಾದ ಖರ್ಚಿನಲ್ಲಿ, ಹಳೆಯದಾಗಿ ಬಿಸಿಯಾಗುತ್ತಿರುವ ತಂತಿಯನ್ನು ಬದಲಾಯಿಸುವುದರಲ್ಲಿ, ಹಲ್ಲುನೋವನ್ನು ತೋರಿಸುವುದರಲ್ಲಿ ಚಿಲ್ಲರೆ ಎಣಿಸಿದವರು ಮುಂದೆ ಹಲವು ಪಟ್ಟು ತೆತ್ತದ್ದನ್ನು ಕಂಡಿದ್ದೇನೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ನನ್ನ ಹಿರಿಯರು ಲೆಕ್ಕದ ಪುಸ್ತಕದ ವಿಷಯದಲ್ಲೇ ಹೇಳುತ್ತಿದ್ದರು.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲಿಂದ ಆರಂಭಿಸಲಿ ಎನ್ನುವವರಿಗೆ ನಾನು ಮೊದಲು ಕೊಡುವ ಕೆಲಸ ಒಂದೇ. ಇಂದು ರಾತ್ರಿ ಎಲ್ಲ ದೀಪಗಳನ್ನೂ ಆರಿಸಿದ ಮೇಲೆ ವಿದ್ಯುತ್ ಮೀಟರಿನ ಅಂಕಿಯನ್ನು ಬರೆದಿಟ್ಟುಕೊಂಡು ಮಲಗಿ, ಬೆಳಿಗ್ಗೆ ಎದ್ದು ಯಾವ ಸ್ವಿಚ್ಚನ್ನೂ ಒತ್ತುವ ಮೊದಲು ಮತ್ತೊಮ್ಮೆ ನೋಡಿ. ಎಂಟು ಗಂಟೆಯಲ್ಲಿ 0.8 ಯೂನಿಟ್ ಏರಿದ್ದರೆ, ಮನೆಯಲ್ಲಿ 100 ವ್ಯಾಟ್ ಸದಾ ಓಡುತ್ತಿದೆ ಎಂದರ್ಥ, ಅದು ವರ್ಷಕ್ಕೆ 876 ಯೂನಿಟ್. ಫ್ರಿಜ್ಜಿನ ಪಾಲು ಅದರಲ್ಲಿ ಇದ್ದೇ ಇರುತ್ತದೆ, ಅದನ್ನು ಬಿಟ್ಟು ಉಳಿದದ್ದು ಯಾವುದರದು ಎಂದು ಒಂದೊಂದಾಗಿ ಪ್ಲಗ್ ತೆಗೆದು ಹುಡುಕಿ. ನಮ್ಮ ಮನೆಯಲ್ಲಿ ಹಾಗೆ ಹುಡುಕಿದಾಗ ಸಿಕ್ಕಿದ್ದು, ಯಾರೂ ಬಳಸದ ಮಹಡಿಯ ಸ್ನಾನದ ಕೋಣೆಯಲ್ಲಿ, ಎಂದೋ ಬಂದುಹೋದ ನೆಂಟರಿಗಾಗಿ ಹಾಕಿ ಮರೆತ ಗೀಸರು.